ಯಶೋದೆಯ ಕಾವಲು: ದೊಡ್ಡಮಳೂರಿನ ಅಂಬೆಗಾಲು ಕೃಷ್ಣ ಮತ್ತು ಅತಿರಕ್ಷಣೆಯ ತಾಯಿ

ಮಗುವಿನ ಮೇಲಿನ ಪ್ರೀತಿಗೆ ಭಯ ಬೆರೆತು, ಮಗುವನ್ನು ಹೊರಜಗತ್ತಿನಿಂದ ದೂರವಿಡುವ ಹಟವಾಗಿ ಬೆಳೆದರೆ ಅದನ್ನು ಅತಿರಕ್ಷಣೆ ಎನ್ನುತ್ತಾರೆ. ಹದಿಹರೆಯದವರಿಗಾಗಿ ಬರೆದ ಇಂದಿನ ಕಾದಂಬರಿಗಳಲ್ಲಿ ಅತಿರಕ್ಷಣೆಯ ತಾಯಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಪಾತ್ರ. ಕನ್ನಡದಲ್ಲಿ ಈ ತಾಯಿಯ ವಿವರವಾದ ಚಿತ್ರಣ ಸುಮಾರು ಐದು ಶತಮಾನಗಳ ಹಿಂದೆಯೇ ದಾಸರ ಪದಗಳಲ್ಲಿ ಮೂಡಿತು. ಆ ಪದಗಳ ತಾಯಿ ಯಶೋದೆ. ಆಕೆಯ ಮಗ ಕೃಷ್ಣನ ಪ್ರಸಿದ್ಧ ನೆಲೆಗಳಲ್ಲಿ ಒಂದು ದೊಡ್ಡಮಳೂರು.

ಕ್ಷೇತ್ರ ಮತ್ತು ವಿಗ್ರಹ

ದೊಡ್ಡಮಳೂರು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಚನ್ನಪಟ್ಟಣದಿಂದ ಮದ್ದೂರಿನ ಕಡೆಗೆ ಸುಮಾರು 3 ಕಿಲೋಮೀಟರ್ ದೂರದಲ್ಲಿದೆ. ಇಲ್ಲಿನ ದ್ರಾವಿಡ ಶೈಲಿಯ ದೇವಾಲಯದ ಮೂಲದೇವರು ಅಪ್ರಮೇಯಸ್ವಾಮಿ, ಅಮ್ಮನವರು ಅರವಿಂದವಲ್ಲಿ. ದೇವಾಲಯದ ಪ್ರಾಕಾರದಲ್ಲಿರುವ ನವನೀತಕೃಷ್ಣನ ಗುಡಿ ಈ ಕ್ಷೇತ್ರಕ್ಕೆ ವಿಶೇಷ ಖ್ಯಾತಿ ತಂದಿದೆ.

ಈ ಕೃಷ್ಣ ಅಂಬೆಗಾಲಿಕ್ಕುವ ಶಿಶು. ಒಂದು ಕೈಯಲ್ಲಿ ಬೆಣ್ಣೆಯ ಮುದ್ದೆ ಹಿಡಿದು, ಇನ್ನೊಂದನ್ನು ನೆಲಕ್ಕೂರಿ ಮುಂದೆ ಸಾಗುತ್ತಿರುವ ಭಂಗಿ ಅವನದು. ಅಂಬೆಗಾಲಿನ ವಯಸ್ಸು ತಾಯ್ತನದಲ್ಲಿ ಒಂದು ತಿರುವು. ಅಲ್ಲಿಯವರೆಗೆ ಮಗು ಮಲಗಿಸಿದಲ್ಲಿ ಇರುತ್ತದೆ. ಅಂಬೆಗಾಲಿಡತೊಡಗಿದಾಗ ಮೊದಲ ಬಾರಿಗೆ ತನ್ನ ಇಚ್ಛೆಯಿಂದ ತಾಯಿಯ ಬಳಿಯಿಂದ ದೂರ ಹೋಗಬಲ್ಲದು. ಆದ್ದರಿಂದ ತಾಯಿಯ ಕಾವಲು ನಿಜವಾಗಿ ಆರಂಭವಾಗುವುದೂ ಈ ವಯಸ್ಸಿನಲ್ಲೇ.

ಪುರಂದರದಾಸರು (1484–1564) ಈ ವಿಗ್ರಹವನ್ನು ಕಂಡು ‘ಜಗದೋದ್ಧಾರನ’ ಕೀರ್ತನೆಯನ್ನು ರಚಿಸಿದರು ಎಂಬುದು ಸ್ಥಳದ ನಂಬಿಕೆ. ದಾಸರು ಬಂದಾಗ ಬಾಗಿಲು ಮುಚ್ಚಿತ್ತೆಂದೂ ಅವರ ಹಾಡು ಕೇಳಿ ಕೃಷ್ಣ ಕತ್ತು ಹೊರಳಿಸಿ ನೋಡಿದನೆಂದೂ ಭಕ್ತರು ಹೇಳುತ್ತಾರೆ. ಜಗತ್ತನ್ನೇ ಕಾಯುವವನನ್ನು ತನ್ನ ಮಗನೆಂದೇ ತಿಳಿದು ಆಡಿಸುವ ತಾಯಿಯ ಭಾಗ್ಯ ಆ ಕೀರ್ತನೆಯ ವಸ್ತು.

ಭಯದ ಮೂಲ

ಭಾಗವತ ಪುರಾಣದ ದಶಮ ಸ್ಕಂಧದಲ್ಲಿ ಯಶೋದೆಯ ಭಯಕ್ಕೆ ಬಲವಾದ ಕಾರಣಗಳಿವೆ. ಪೂತನಿ ಹಾಲುಣಿಸುವ ನೆಪದಲ್ಲಿ ವಿಷವಿಕ್ಕಲು ಬರುತ್ತಾಳೆ. ಬಂಡಿಯೊಂದು ಮಗುವಿನ ಬಳಿಯೇ ಮುರಿದು ಬೀಳುತ್ತದೆ. ತೃಣಾವರ್ತನು ಸುಂಟರಗಾಳಿಯಾಗಿ ಮಗುವನ್ನು ಆಕಾಶಕ್ಕೆ ಒಯ್ಯುತ್ತಾನೆ. ಪೂತನಿಯ ವಧೆಯಾದ ಮೇಲೆ ಯಶೋದೆಯೂ ಗೋಪಿಯರೂ ಗೋವಿನ ಬಾಲವನ್ನು ಬೀಸಿ, ಮಗುವಿನ ಒಂದೊಂದು ಅಂಗಕ್ಕೂ ವಿಷ್ಣುನಾಮಗಳಿಂದ ರಕ್ಷೆ ಕಟ್ಟುತ್ತಾರೆ. ಅಪಾಯವನ್ನು ಕಣ್ಣಾರೆ ಕಂಡ ತಾಯಿ ಬಿಗಿಯಾಗುತ್ತಾಳೆ ಎಂಬುದು ಈ ಕಥಾಕ್ರಮ ತೋರುವ ಮೊದಲ ಸತ್ಯ.

ತಡೆಯುವ ಉಪಾಯಗಳು

ದಾಸರ ಪದಗಳಲ್ಲಿ ಯಶೋದೆ ಮಗನನ್ನು ತಡೆಯುವ ವಿಧಾನಗಳು ಮನೆಮನೆಗೂ ಪರಿಚಿತವಾದವು.

ಮೊದಲನೆಯದು ಹೊಸ್ತಿಲಿನ ಗಡಿ. ಪುರಂದರದಾಸರ ‘ಪೋಗದಿರೆಲೊ ರಂಗ’ ಪದದಲ್ಲಿ ತಾಯಿ ಮಗನಿಗೆ ಬಾಗಿಲು ದಾಟಬೇಡ ಎನ್ನುತ್ತಾಳೆ. ಹೊರಗೆ ಅವನನ್ನು ಎತ್ತಿಕೊಂಡು ಹೋಗಬಹುದೆಂದು ಆಕೆ ಶಂಕಿಸುವುದು ದುಷ್ಟರನ್ನಲ್ಲ, ಭಾಗವತರನ್ನು. ಮಗನನ್ನು ಪ್ರೀತಿಸುವವರೇ ಅವನನ್ನು ತನ್ನಿಂದ ದೂರ ಮಾಡಿಯಾರು ಎಂಬ ಈ ಆತಂಕ ಅತಿರಕ್ಷಣೆಯ ಒಳಗುಟ್ಟು.

ಎರಡನೆಯದು ಆಸೆ ತೋರಿಸುವುದು. ಅದೇ ಪದದಲ್ಲಿ ತಾಯಿ ಮನೆಯೊಳಗಿದ್ದರೆ ಬೆಣ್ಣೆ ಕೊಡುವೆನೆಂದು ಮಗನನ್ನು ಒಲಿಸಲು ನೋಡುತ್ತಾಳೆ.

ಮೂರನೆಯದು ಹೆದರಿಕೆ. ‘ಗುಮ್ಮನ ಕರೆಯದಿರೆ’ ಪದವನ್ನು ಪುರಂದರದಾಸರು ಮಗುವಿನ ದನಿಯಲ್ಲಿ ರಚಿಸಿದ್ದಾರೆ. ಗುಮ್ಮನನ್ನು ಕರೆಯಬೇಡವೆಂದು ಬೇಡುವ ಮಗು ಮಣ್ಣು ತಿನ್ನುವುದಿಲ್ಲ, ಬಾವಿಯ ಕಡೆ ಹೋಗುವುದಿಲ್ಲ, ಅಣ್ಣನನ್ನು ಬೈಯುವುದಿಲ್ಲ ಎಂದು ಒಂದೊಂದಾಗಿ ಮಾತು ಕೊಡುತ್ತದೆ. ಆ ವಾಗ್ದಾನಗಳ ಸಾಲಿನಲ್ಲಿ ತಾಯಿಯ ನಿಷೇಧಗಳ ಪಟ್ಟಿಯೇ ತೆರೆದುಕೊಳ್ಳುತ್ತದೆ. ಕೊನೆಯಲ್ಲಿ ಮಗನ ಮಾತು ಕೇಳಿದ ತಾಯಿ ಮುಗುಳ್ನಗುತ್ತಾಳೆ.

ಹಗ್ಗದ ಪ್ರಸಂಗ

ನಿಯಂತ್ರಣ ತುತ್ತತುದಿಗೆ ಮುಟ್ಟುವುದು ದಶಮ ಸ್ಕಂಧದ 9ನೆಯ ಅಧ್ಯಾಯದಲ್ಲಿ. ಮೊಸರಿನ ಗಡಿಗೆ ಒಡೆದು ಓಡಿದ ಮಗನನ್ನು ಯಶೋದೆ ಕೋಲು ಹಿಡಿದು ಬೆನ್ನಟ್ಟುತ್ತಾಳೆ. ಮಗ ಹೆದರಿದ್ದನ್ನು ಕಂಡು ಕೋಲನ್ನು ಬಿಸುಡುತ್ತಾಳೆ, ಆದರೆ ಒರಳಿಗೆ ಕಟ್ಟಿಹಾಕಲು ಮುಂದಾಗುತ್ತಾಳೆ. ಎಷ್ಟು ಹಗ್ಗ ಸೇರಿಸಿದರೂ ಎರಡು ಅಂಗುಲ ಸಾಲದೆ ಬರುತ್ತದೆ. ತಾಯಿ ಬೆವರಿ ಬಳಲಿದಾಗ ಮಗ ಮರುಗಿ ತಾನಾಗಿ ಕಟ್ಟಿಗೆ ಒಳಗಾಗುತ್ತಾನೆ. ದಾಮೋದರ ಎಂಬ ಹೆಸರು ಅವನಿಗೆ ಈ ಪ್ರಸಂಗದಿಂದಲೇ ಬಂದಿತು.

ಕಟ್ಟಿಹಾಕಿದ ಮಾತ್ರಕ್ಕೆ ಮಗು ನಿಲ್ಲುವುದಿಲ್ಲ. ಒರಳನ್ನು ಎಳೆದುಕೊಂಡು ಹೋಗಿ ಎರಡು ಅರ್ಜುನ ಮರಗಳನ್ನು ಕೆಡವುತ್ತದೆ. ಶಾಪದಿಂದ ಮರಗಳಾಗಿದ್ದ ನಲಕೂಬರ ಮತ್ತು ಮಣಿಗ್ರೀವರು ಬಿಡುಗಡೆ ಹೊಂದುತ್ತಾರೆ. ಬಳಿಕ ನಂದನು ಬಂದು ನಗುತ್ತಾ ಹಗ್ಗ ಬಿಚ್ಚುತ್ತಾನೆ. ಮುಂದೆ ಗೋಪರು ಗೋಕುಲವನ್ನು ಬಿಟ್ಟು ವೃಂದಾವನಕ್ಕೆ ತೆರಳುತ್ತಾರೆ. ಬಾಲಕನಿಗೆ ಕರು ಕಾಯುವ ಹೊಣೆ ಒದಗುತ್ತದೆ. ಅಕ್ರೂರನ ರಥದಲ್ಲಿ ಅವನು ಮಧುರೆಗೆ ಹೊರಡುವ ದಿನವೂ ಬರುತ್ತದೆ.

ಆಧುನಿಕ ಕಾದಂಬರಿಯಲ್ಲಿ ಅದೇ ತಾಯಿ

ಅಮೆರಿಕದ ಲೇಖಕಿ ನಿಕೋಲಾ ಯೂನ್ 2015ರಲ್ಲಿ ಪ್ರಕಟಿಸಿದ ‘ಎವೆರಿಥಿಂಗ್, ಎವೆರಿಥಿಂಗ್’ ಕಾದಂಬರಿ ಇದೇ ವಸ್ತುವನ್ನು ಬೇರೊಂದು ದಿಕ್ಕಿಗೆ ಒಯ್ಯುತ್ತದೆ. ಅದರ ನಾಯಕಿ ಮ್ಯಾಡಲಿನ್, ರೋಗನಿರೋಧಕ ಶಕ್ತಿಯಿಲ್ಲವೆಂಬ ಕಾರಣಕ್ಕೆ ಮನೆಯಿಂದ ಹೊರಬಾರದೆ ಬೆಳೆದ 18ರ ತರುಣಿ. ತಾಯಿ ವೈದ್ಯೆ. ಅಪಘಾತದಲ್ಲಿ ಪತಿಯನ್ನೂ ಮಗನನ್ನೂ ಕಳೆದುಕೊಂಡ ಆಕೆ, ಉಳಿದ ಮಗಳಿಗೆ ಇಲ್ಲದ ಕಾಯಿಲೆಯನ್ನು ಇದೆಯೆಂದೇ ನಂಬಿ, ಅವಳನ್ನೂ ನಂಬಿಸಿದ್ದಾಳೆ ಎಂಬುದು ಕೊನೆಯಲ್ಲಿ ತಿಳಿಯುತ್ತದೆ.

ಎರಡೂ ಕಡೆ ಭಯ ಹುಟ್ಟುವುದು ನೈಜ ಅಪಾಯದಿಂದಲೇ. ವ್ಯತ್ಯಾಸವಿರುವುದು ಅವಧಿಯಲ್ಲಿ ಮತ್ತು ಸತ್ಯದಲ್ಲಿ. ಯಶೋದೆಯ ಕಟ್ಟು ಒಂದು ದಿನದ್ದು, ಎಲ್ಲರ ಕಣ್ಣೆದುರಿನದು, ಬಿಚ್ಚಲು ಇನ್ನೊಬ್ಬರಿರುವಂಥದು. ಮ್ಯಾಡಲಿನ್ನಳ ತಾಯಿಯ ಕಟ್ಟು ವರ್ಷಗಳದ್ದು, ಸುಳ್ಳಿನ ಮೇಲೆ ನಿಂತದ್ದು, ಮಗಳು ತಾನೇ ಹರಿದುಕೊಳ್ಳಬೇಕಾದದ್ದು.

ಇಂದಿನ ಬಳಕೆ

ದೊಡ್ಡಮಳೂರಿನಲ್ಲಿ ಮಕ್ಕಳಿಲ್ಲದ ದಂಪತಿಗಳು ಅಂಬೆಗಾಲು ಕೃಷ್ಣನಿಗೆ ಹರಕೆ ಹೊರುತ್ತಾರೆ. ಹರಕೆಯ ಪುಟ್ಟ ತೊಟ್ಟಿಲುಗಳು ಗುಡಿಯಲ್ಲಿ ಕಾಣಸಿಗುತ್ತವೆ. ಬೆಣ್ಣೆ ಇಲ್ಲಿನ ಮುಖ್ಯ ನೈವೇದ್ಯ. ಸಂಗೀತ ಕಛೇರಿಗಳಲ್ಲಿ ‘ಜಗದೋದ್ಧಾರನ’ ಸಾಮಾನ್ಯವಾಗಿ ಕಾಪಿ ರಾಗದಲ್ಲಿ ಕೇಳಿಬರುತ್ತದೆ. ಭರತನಾಟ್ಯದಲ್ಲಿ ಯಶೋದೆಯ ಗದರಿಕೆ, ಮುದ್ದು, ಆತಂಕಗಳು ವಾತ್ಸಲ್ಯದ ಅಭಿನಯಕ್ಕೆ ಪ್ರಿಯವಾದ ವಸ್ತುಗಳು.

ಈ ಪರಂಪರೆ ಓದುಗರಿಗೂ ಪೋಷಕರಿಗೂ ಒಂದು ಸ್ಪಷ್ಟವಾದ ಅಳತೆಗೋಲನ್ನು ಒದಗಿಸುತ್ತದೆ. ತಾಯಿ ಎಷ್ಟು ಹೆದರುತ್ತಾಳೆ ಎಂಬುದರಿಂದ ರಕ್ಷಣೆ ಬಂಧನವಾಗುವುದಿಲ್ಲ. ಮಗುವಿನ ವಯಸ್ಸಿನೊಂದಿಗೆ ಗಡಿ ಹಿಗ್ಗುತ್ತಿದೆಯೆ, ಅದಕ್ಕೆ ಕೊಟ್ಟ ಕಾರಣ ನಿಜವೆ, ಕಟ್ಟನ್ನು ಬಿಚ್ಚಬಲ್ಲ ಇನ್ನೊಬ್ಬರು ಮನೆಯಲ್ಲಿದ್ದಾರೆಯೆ ಎಂಬ ಮೂರು ಪ್ರಶ್ನೆಗಳಿಂದ ಅದು ನಿರ್ಧಾರವಾಗುತ್ತದೆ.