ಘಟ್ಟದ ಹಾದಿಯೂ ಬಸದಿಗಳ ಭಾಗ್ಯವೂ

ಒಂದು ದೇಶದ ಬೇರೆ ಬೇರೆ ಸೀಮೆಗಳು ವ್ಯಾಪಾರದಲ್ಲಿ ಒಂದಾಗುವುದು ರಾಜಾಜ್ಞೆಯಿಂದ ಮಾತ್ರವಲ್ಲ. ಅದಕ್ಕೆ ಹಾದಿಯೂ ಬೇಕು, ಪರಸ್ಪರ ನಂಬಿಕೆಯೂ ಬೇಕು. ಪಶ್ಚಿಮ ಘಟ್ಟದ ಇಕ್ಕೆಲಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ. ಘಟ್ಟದ ಕೆಳಗೆ ಅಕ್ಕಿ, ತೆಂಗು, ಉಪ್ಪು, ಮಲೆನಾಡಿನಲ್ಲಿ ಮೆಣಸು, ಬಯಲುಸೀಮೆಯಲ್ಲಿ ಹತ್ತಿ, ರಾಗಿ. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕಾದರೆ ಹೇರೆತ್ತುಗಳು ಘಟ್ಟವನ್ನು ಏರಿ ಇಳಿಯಲೇಬೇಕಾಗಿತ್ತು.

ಜೈನ ಧರ್ಮಾವಲಂಬಿಗಳಾದ ಭೈರರಸರ ರಾಜ್ಯವು ಈ ಬೆಸುಗೆಯ ಜೀವಂತ ನಿದರ್ಶನವಾಗಿತ್ತು. ಅವರ ಕಳಸ ಘಟ್ಟದ ಮೇಲೆ, ಕಾರ್ಕಳ ಘಟ್ಟದ ಕೆಳಗೆ. ಕ್ರಿ. ಶ. 1432ರಲ್ಲಿ ವೀರಪಾಂಡ್ಯನು ಕಾರ್ಕಳದಲ್ಲಿ ಬಾಹುಬಲಿಯನ್ನು ಪ್ರತಿಷ್ಠಾಪಿಸಿದನು. ಅದಕ್ಕೆ ಎರಡು ವರ್ಷ ಮುಂಚೆ, 1430ರಲ್ಲಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ರೂಪುಗೊಂಡಿತ್ತು. ಆ ಕಂಬಗಳ ಹಿಂದೆ ಅರಸರ ಭಕ್ತಿಯೊಡನೆ ವರ್ತಕ ಶ್ರಾವಕರ ಸಂಪಾದನೆಯೂ ಇತ್ತೆಂಬುದನ್ನು ನಾವು ಮರೆಯಲಾಗದು.

ಹಾದಿ ತಿರುಗಿದರೆ ಊರೂ ಬರಿದಾಗುವುದು. ವಿಜಯನಗರಕ್ಕೆ ಕುದುರೆಗಳನ್ನು ಇಳಿಸಿಕೊಡುತ್ತಿದ್ದ ಭಟ್ಕಳದ ವ್ಯಾಪಾರ, 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಮೇಲೆ ಅತ್ತ ಹರಿಯತೊಡಗಿತು. 1565ರ ಯುದ್ಧದಿಂದ ರಾಜಧಾನಿಯೇ ಹಾಳಾಯಿತು. ಮೆಣಸಿನ ರಾಣಿಯೆಂದು ಹೆಸರಾದ ಚೆನ್ನಭೈರಾದೇವಿಯ ಗೇರುಸೊಪ್ಪೆಯೂ ಮುಂದೆ ಕೆಳದಿಯವರ ಪಾಲಾಯಿತು. ಒಂದು ಕಾಲದ ಆ ಸಿರಿವಂತ ಪಟ್ಟಣದ ನೆಲದಲ್ಲಿ ಇಂದು ಚತುರ್ಮುಖ ಬಸದಿಯು ಕಾಡಿನ ನಡುವೆ ನಿಂತಿದೆ.

1799ರ ತರುವಾಯ ಕರಾವಳಿ ಕಂಪನಿ ಸರಕಾರಕ್ಕೂ ಮೇಲಿನ ನಾಡು ಮೈಸೂರಿಗೂ ಸೇರಿ, ಒಂದೇ ಬೆಟ್ಟದ ಎರಡು ಮಗ್ಗುಲುಗಳು ಎರಡು ಆಡಳಿತಗಳಾದವು. 1956ರ ನವೆಂಬರ್ 1ರಂದು ಅವು ಮತ್ತೆ ಕೂಡಿದವು. ಆದರೆ ನಕಾಶೆಯ ಏಕೀಕರಣ ಪೇಟೆಯ ಏಕೀಕರಣವಾಗಲು ಇನ್ನೂ ದುಡಿಮೆ ಬೇಕಾಯಿತು. 1975ರಲ್ಲಿ ನವಮಂಗಳೂರು ಬಂದರು ಉದ್ಘಾಟನೆಯಾಯಿತು. 1979ರಲ್ಲಿ ಹಾಸನ-ಮಂಗಳೂರು ರೈಲುಮಾರ್ಗ ಘಟ್ಟವನ್ನು ಸೀಳಿ ಬಂದಿತು. ಅದೇ ವರ್ಷ ರಾಜ್ಯದಲ್ಲಿ ಆಕ್ಟ್ರಾಯ್ ಸುಂಕ ರದ್ದಾಯಿತು. 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯು ರಾಜ್ಯ ರಾಜ್ಯಗಳ ನಡುವಿನ ತಪಾಸಣಾ ಗೇಟುಗಳನ್ನು ತೆಗೆಸಿತು.

ಹಾದಿ ಸರಕನ್ನಷ್ಟೇ ಅಲ್ಲ, ಮನುಷ್ಯರನ್ನೂ ಒಯ್ಯುತ್ತದೆ. ಮುಂಬಯಿ, ಬೆಂಗಳೂರುಗಳಿಗೆ ತೆರಳಿದ ಕುಟುಂಬಗಳ ಹಿಂದೆ ಹಳ್ಳಿಯ ಬಸದಿಯಲ್ಲಿ ದೀಪ ಹಚ್ಚುವ ಕೈಗಳು ಕಡಿಮೆಯಾಗುತ್ತಿವೆ. ಹಿಂದಿನ ವರ್ತಕನು ದೂರದಲ್ಲಿ ದುಡಿದು ತನ್ನೂರಿನಲ್ಲಿ ಕಂಬ ನಿಲ್ಲಿಸಿದನು. ಹಾದಿ ಅವನಿಗೆ ಹೋಗುವುದಕ್ಕೂ ಇತ್ತು, ಮರಳುವುದಕ್ಕೂ ಇತ್ತು. ಪ್ರತಿಷ್ಠೆಯ ಈ ಶುಭ ಸಂದರ್ಭದಲ್ಲಿ ಶ್ರಾವಕ ಬಂಧುಗಳು ಆ ಎರಡನೆಯ ಪಯಣವನ್ನು ನೆನೆಯಲಿ. ತಮ್ಮ ಗಳಿಕೆಯ ಒಂದಂಶವನ್ನು ನಿತ್ಯಪೂಜೆಗೂ ಜೀರ್ಣೋದ್ಧಾರಕ್ಕೂ ಮೀಸಲಿಡಲಿ.