ನಾಟಕ ಆಡಿಸುವವರು ಎಲ್ಲಿ ಕಲಿಯುತ್ತಾರೆ?

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಳ್ಳಿಯೊಂದರಲ್ಲಿ ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕ ಎತ್ತಬೇಕೆಂದು ನಾಲ್ಕು ಜನ ಅರಳಿಕಟ್ಟೆಯ ಮೇಲೆ ಕೂತು ತೀರ್ಮಾನಿಸಿದರೆ, ಅಲ್ಲಿಂದಾಚೆಗೆ ನಡೆಯುವುದೆಲ್ಲ ವ್ಯವಹಾರವೇ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಬೇಕು, ಅವರ ಊಟ ವಸತಿ ನೋಡಿಕೊಳ್ಳಬೇಕು. ಪಾರ್ಟು ಹಂಚಬೇಕು, ಪಾರ್ಟಿನ ದುಡ್ಡು ಕಟ್ಟಿಸಿಕೊಳ್ಳಬೇಕು. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಸೀನರಿಯವರಿಗೆ ಮುಂಗಡ ಕೊಡಬೇಕು. ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರಿಗೆ ಸಂಭಾವನೆಯ ಜೊತೆಗೆ ರಾತ್ರಿ ತಂಗಲು ಮರ್ಯಾದೆಯ ಜಾಗ ಬೇಕು. ಮೈಕ್‌ಸೆಟ್ಟು, ಜನರೇಟರ್, ಠಾಣೆಯ ಪರವಾನಗಿ, ಕೊನೆಗೆ ಕರಪತ್ರದಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ಜಗಳ. ಕುರುಕ್ಷೇತ್ರ ರಂಗದ ಮೇಲೆ ನಡೆಯುವುದಕ್ಕೆ ಮೊದಲು ಒಂದು ಸಲ ಕರಪತ್ರದಲ್ಲೇ ನಡೆದುಹೋಗಿರುತ್ತದೆ.

ಇಷ್ಟನ್ನೂ ತೂಗಿಸಿದವನಿಗೆ ಊರು ಕೊಡುವ ಬಿರುದು ‘ನಾಟಕದ ಹುಚ್ಚು’. ನಟನಿಗೆ ಕಲಾವಿದ ಎನ್ನುತ್ತೇವೆ, ಮೇಷ್ಟ್ರಿಗೆ ಶಾಲು ಹೊದಿಸುತ್ತೇವೆ. ರಸೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿದವನು ಏನನ್ನೋ ಕಲಿತ ಎಂದು ಯಾರಿಗೂ ಅನ್ನಿಸುವುದಿಲ್ಲ. ಕರ್ನಾಟಕದಲ್ಲಿ ನಟನೆ, ಸಂಗೀತ, ನೃತ್ಯ ಕಲಿಸುವ ಶಾಲೆಗಳು ಹುಟ್ಟಿ ದಶಕಗಳೇ ಆದವು. ಕಲೆಯನ್ನು ಜನರ ಮುಂದೆ ತಂದು ನಿಲ್ಲಿಸುವ ಕಸುಬನ್ನು ಕಲಿಸಲು ಮಾತ್ರ ನಾವು ಶಾಲೆ ಕಟ್ಟಲಿಲ್ಲ. ಆದರೂ ಆ ಕಸುಬುದಾರರು ತಲೆಮಾರಿನಿಂದ ತಲೆಮಾರಿಗೆ ಬರುತ್ತಲೇ ಇದ್ದರು. ಅವರನ್ನು ತಯಾರು ಮಾಡಿದ್ದು ಜಾತ್ರೆ, ಕ್ಯಾಂಪು ಮತ್ತು ಉತ್ಸವ. ಈಗ ಆ ದಾರಿಯೇ ಮುಚ್ಚಿಹೋಗುತ್ತಿದೆ ಎಂಬುದು ಈ ಸಮೀಕ್ಷೆಗೆ ಕಾರಣ.

ಚರಿತ್ರೆ ಕಂಪನಿ ನಾಟಕದಿಂದ ಹೊರಡಬೇಕು. 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ ವೀರಣ್ಣನವರ ಯಜಮಾನಿಕೆಯಲ್ಲಿ ಬೆಳೆದ ಬಗೆಯನ್ನು ಹೇಳುವಾಗ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆ ತಂದ ವೈಭವವನ್ನು ನೆನೆಯುತ್ತೇವೆ. ಆ ಆನೆಗೆ ಕ್ಯಾಂಪಿನಲ್ಲಿ ಮೇವು ಒದಗಿಸಿದವರನ್ನು ನೆನೆಯುವುದಿಲ್ಲ. ಮುಂದಿನ ಊರು ಯಾವುದು, ಅಲ್ಲಿ ಬೆಳೆ ಹೇಗಿದೆ, ಜನರ ಕೈಯಲ್ಲಿ ಕಾಸು ಓಡಾಡುತ್ತಿದೆಯೇ, ಟಿಕೆಟ್ ದರ ಎಷ್ಟಿಡಬೇಕು, ಕಲೆಕ್ಷನ್ ಬಿದ್ದರೆ ನಾಟಕ ಬದಲಿಸಬೇಕೋ ಊರು ಬದಲಿಸಬೇಕೋ ಎಂಬುದೆಲ್ಲ ಕಂಪನಿಯ ಮ್ಯಾನೇಜರಿಗೆ ಬಾಯಿಪಾಠ. ಮನೆ ಬಿಟ್ಟು ಓಡಿ ಈ ಕಂಪನಿ ಸೇರಿದ ಹುಡುಗ ಬಿ.ವಿ. ಕಾರಂತ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿದರು ನಿಜ. ಆದರೆ 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಲು ನಿಂತ ಕಾರಂತರ ಹಿಂದೆ, ಕಂಪನಿಯಲ್ಲಿ ಪರದೆಯ ಮುಂದೆಯೂ ಹಿಂದೆಯೂ ಓಡಾಡಿ ಬೆಳೆದ ಆ ಹುಡುಗನೂ ನಿಂತಿದ್ದ ಎಂದೇ ನನ್ನ ನಂಬಿಕೆ.

ಆರ್. ನಾಗರತ್ನಮ್ಮನವರದು ಇನ್ನೂ ಗಟ್ಟಿಯಾದ ಉದಾಹರಣೆ. ಕಂಪನಿಗಳಲ್ಲಿ ಪಾತ್ರ ಮಾಡುತ್ತ ಕಸುಬು ಕಲಿತ ಅವರು 1958ರಲ್ಲಿ ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಭೀಮ, ಕಂಸ, ದುರ್ಯೋಧನ ಎಲ್ಲರೂ ಹೆಂಗಸರೇ. ಕಂಸನಾಗಿ ನಾಗರತ್ನಮ್ಮ ಅಬ್ಬರಿಸಿದ್ದನ್ನು ಹೊಗಳಿದವರು ಬಹಳ. ಒಂದು ತಂಡದ ಯಜಮಾನಿಕೆಯನ್ನು ಹೆಣ್ಣುಮಗಳೊಬ್ಬಳು ಆ ಕಾಲದಲ್ಲಿ ಹೊತ್ತಳಲ್ಲ, ಅದರ ಬಗ್ಗೆ ಬರೆದವರು ಕಡಿಮೆ. 2012ರಲ್ಲಿ ಪದ್ಮಶ್ರೀ ಬಂದಾಗಲೂ ಮಾತೆಲ್ಲ ನಟನೆಯದೇ.

ಉತ್ತರದಲ್ಲಿ ಬಾದಾಮಿಯ ಬನಶಂಕರಿ ಜಾತ್ರೆ ಇಂದಿಗೂ ಕಂಪನಿಗಳಿಗೆ ಪರೀಕ್ಷೆಯ ಕಣ. ಒಂದೇ ಬಯಲಿನಲ್ಲಿ ಹಲವು ಥಿಯೇಟರುಗಳು ಎದ್ದು, ಒಂದೇ ಜನಜಂಗುಳಿಗೆ ಕೈಚಾಚುತ್ತವೆ. ಕರಾವಳಿ, ಮಲೆನಾಡಿನಲ್ಲಿ ಯಕ್ಷಗಾನದ ಟೆಂಟ್ ಮೇಳಗಳನ್ನು ಊರಿಗೆ ಕರೆಸುವ ಕಂಟ್ರಾಕ್ಟರರದು ಮತ್ತೊಂದು ಪರಂಪರೆ. ಮೇಳಕ್ಕೆ ಇಷ್ಟೆಂದು ಮಾತು ಕೊಟ್ಟು, ಮಳೆ ಬಂದರೆ ನಷ್ಟ ತಾನೇ ಹೊತ್ತು, ಮುಂದಿನ ವರ್ಷ ಮತ್ತೆ ಕರೆಸುವವರು ಅವರು. ಇವತ್ತು ಇಂಗ್ಲಿಷಿನಲ್ಲಿ ಪ್ರೊಡ್ಯೂಸರ್ ಎಂದು ಕರೆಯುವ ಕೆಲಸವನ್ನೇ ಅವರು ಹೆಗಲಿಗೆ ಟವಲು ಹಾಕಿಕೊಂಡು ಮಾಡುತ್ತಿದ್ದರು.

ಎರಡನೆಯ ಘಟ್ಟ ಹವ್ಯಾಸಿಗಳದು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಅಡಿಕೆ ಬೆಳೆಗಾರರು 1949ರಲ್ಲಿ ಕಟ್ಟಿಕೊಂಡ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಮೊದಲು ಊರ ನಾಟಕದ ಸಂಘವೇ. ಕೆ.ವಿ. ಸುಬ್ಬಣ್ಣ ಅದನ್ನು ಬೆಳೆಸಿದ ಕ್ರಮದಲ್ಲಿ ಒಂದು ಹಟವಿತ್ತು. ಊರು ಬಿಡಬಾರದು, ಲೋಕವನ್ನೂ ಬಿಡಬಾರದು. 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದಿತು, 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು. ಕಲಿತು ಹೊರಬಂದ ನಟರಿಗೆ ಕೆಲಸ ಎಲ್ಲಿ ಎಂಬ ಪ್ರಶ್ನೆಗೆ 1985ರಲ್ಲಿ ಹೊರಟ ‘ತಿರುಗಾಟ’ವೇ ಉತ್ತರ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಗತ್ತು ನೋಡಿದ್ದು ಹಳ್ಳಿಯಲ್ಲಿದ್ದ ಈ ಸಾಂಸ್ಕೃತಿಕ ಕೇಂದ್ರವನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ತಿರುಗಾಟ ನಾಡಿನ ಊರೂರಿನಲ್ಲಿ ತಯಾರು ಮಾಡಿದ ಸ್ಥಳೀಯ ಸಂಘಟಕರ ಪಡೆ.

ತಿರುಗಾಟದ ವ್ಯವಸ್ಥೆ ಸರಳ. ತಂಡ ಮಳೆಗಾಲದಲ್ಲಿ ತಾಲೀಮು ನಡೆಸುತ್ತದೆ, ಹೆಗ್ಗೋಡಿನಲ್ಲಿ ಮೊದಲ ಪ್ರದರ್ಶನ ಕೊಡುತ್ತದೆ, ಆಮೇಲೆ ರಂಗಸಜ್ಜಿಕೆ, ದೀಪಗಳನ್ನೆಲ್ಲ ಹೇರಿಕೊಂಡು ತಿಂಗಳುಗಟ್ಟಲೆ ರಾಜ್ಯ ಸುತ್ತುತ್ತದೆ. ಕರೆಸುವ ಊರು ಪ್ರದರ್ಶನಕ್ಕೆ ನಿಗದಿಯಾದ ಮೊತ್ತ, ಊಟ, ವಸತಿ ಕೊಡಬೇಕು. ಮೇಲ್ನೋಟಕ್ಕೆ ಇಷ್ಟೇ. ಆದರೆ ಆ ಮೊತ್ತ ಹುಟ್ಟಿಸಲು ಸ್ಥಳೀಯ ಸಂಘ ಟಿಕೆಟ್ ಮಾರಬೇಕು, ಅಡಿಕೆ ಮಂಡಿಯವರನ್ನೂ ಮೇಷ್ಟರನ್ನೂ ಡಾಕ್ಟರನ್ನೂ ಹಿಡಿಯಬೇಕು. ಶೇಕ್ಸ್‌ಪಿಯರನ್ನೋ ಸಂಸ್ಕೃತ ನಾಟಕವನ್ನೋ ಯಾಕೆ ನೋಡಬೇಕೆಂದು ಊರಿಗೆ ಒಪ್ಪಿಸಬೇಕು. ಪ್ರೌಢಶಾಲೆಯ ಅಂಗಳದಲ್ಲಿ ಕತ್ತಲು ಮಾಡುವುದು ಹೇಗೆ, ವಿದ್ಯುತ್ ಹೋದರೆ ಏನು ಗತಿ ಎಂದು ಯೋಚಿಸಬೇಕು. ಮೊದಲ ವರ್ಷ ಕೈಯಿಂದ ಹಾಕಿಕೊಂಡವನು ಎರಡನೇ ವರ್ಷ ಒಂದು ತಿಂಗಳು ಮೊದಲೇ ಟಿಕೆಟ್ ಹಿಡಿದು ಹೊರಡುತ್ತಾನೆ. ಯಾವ ಪಠ್ಯಕ್ರಮವೂ ಇದಕ್ಕಿಂತ ಚೆನ್ನಾಗಿ ಕಲಿಸಲಾರದು. ಕರಾವಳಿ ಮಲೆನಾಡಿನಿಂದ ಬಯಲುಸೀಮೆಯವರೆಗೆ ಸಂಘಗಳು ಹುಟ್ಟಿದ್ದಕ್ಕೂ ಉಳಿದದ್ದಕ್ಕೂ ವರ್ಷವರ್ಷವೂ ಬಂದ ತಿರುಗಾಟದ ಬಸ್ಸು ದೊಡ್ಡ ಕಾರಣ.

ಇದೇ ಕಾಲದ ಇನ್ನೊಂದು ಧಾರೆ 1975ರಲ್ಲಿ ಹುಟ್ಟಿದ ‘ಸಮುದಾಯ’. ಬೀದಿನಾಟಕ, ಜಾಥಾಗಳ ಮೂಲಕ ಅದು ಕಲಿಸಿದ್ದು ಹಣವಿಲ್ಲದೆ ಮಾಡುವ ಸಂಘಟನೆಯನ್ನು. ಅಲ್ಲಿ ಪಳಗಿದವರು ಆಮೇಲೆ ಎಲ್ಲೆಲ್ಲೋ ಹರಡಿಕೊಂಡರು. ಅವರಲ್ಲೊಬ್ಬರು ‘ಬೆಲ್ಚಿ’ ಬೀದಿನಾಟಕದ ನಿರ್ದೇಶಕ ಸಿ.ಜಿ. ಕೃಷ್ಣಸ್ವಾಮಿ. ಕನ್ನಡ ರಂಗಭೂಮಿಗೆ ಅವರು ಸಿಜಿಕೆ. ವೃತ್ತಿಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಎಂಬುದು ಇಲ್ಲಿ ಕಾಕತಾಳೀಯವಲ್ಲ.

ಸಿಜಿಕೆಯವರಿಂದಲೇ ನಾವು ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯ ನೆರೆಗೆ ಬರುತ್ತೇವೆ. ಈ ತಾಲ್ಲೂಕಿನ ಗಡಿ ದಾಟಿದರೆ ಹೊಸದುರ್ಗ ತಾಲ್ಲೂಕು. ಅಲ್ಲಿನ ಸಾಣೇಹಳ್ಳಿ ಸಿರಿಗೆರೆಯ ತರಳಬಾಳು ಮಠದ ಶಾಖೆ. ಸಿರಿಗೆರೆಯ ಶಿವಕುಮಾರ ಸ್ವಾಮೀಜಿ ಸ್ವತಃ ನಾಟಕಕಾರರು, ‘ಮರಣವೇ ಮಹಾನವಮಿ’ ಬರೆದು ಆಡಿಸಿದವರು. ಈ ಮಠಕ್ಕೆ ಊರೂರು ಸುತ್ತುವ ಉತ್ಸವವೂ ಹೊಸದಲ್ಲ. 1950ರಲ್ಲಿ ಜಗಳೂರಿನಲ್ಲಿ ಮೊದಲಾದ ತರಳಬಾಳು ಹುಣ್ಣಿಮೆ ವರ್ಷಕ್ಕೊಂದು ಊರಿಗೆ ಹೋಗುತ್ತದೆ, ಹೋದ ಕಡೆಯೆಲ್ಲ ಆ ಊರಿನವರೇ ಸಮಿತಿ ಕಟ್ಟಿಕೊಂಡು ಸಾವಿರಾರು ಜನರ ಊಟ, ವೇದಿಕೆ, ನೀರು, ಬೆಳಕು ನೋಡಿಕೊಳ್ಳಬೇಕು. ಈ ಹಿನ್ನೆಲೆಯಲ್ಲಿ ಶಾಖಾಮಠದ ಪಂಡಿತಾರಾಧ್ಯ ಸ್ವಾಮೀಜಿ ಸಾಣೇಹಳ್ಳಿಯಲ್ಲಿ ಶಿವಕುಮಾರ ಕಲಾ ಸಂಘ ಕಟ್ಟಿದರು. ಸಿಜಿಕೆ ಜೊತೆಗೂಡಿದರು. 1997ರಲ್ಲಿ ‘ಶಿವಸಂಚಾರ’ ಎಂಬ ರೆಪರ್ಟರಿ ಹೊರಟಿತು, ವರ್ಷಕ್ಕೆ ಮೂರು ನಾಟಕಗಳೊಂದಿಗೆ. ಮುಂದೆ 2008ರಲ್ಲಿ ರಂಗಪ್ರಯೋಗಶಾಲೆಯೂ ಬಂತು.

ಪ್ರತಿ ನವೆಂಬರಿನ ಮೊದಲ ವಾರ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಾಟಕೋತ್ಸವ. ಸುತ್ತಲಿನ ಹಳ್ಳಿಗಳಿಂದ ಜನ ಟ್ರ್ಯಾಕ್ಟರ್, ಬೈಕುಗಳಲ್ಲಿ ಬಂದು ಕಲ್ಲುಮೆಟ್ಟಿಲ ಮೇಲೆ ಕೂರುತ್ತಾರೆ. ಈ ಪ್ರೇಕ್ಷಕರನ್ನು ಬೆಂಗಳೂರಿನ ಯಾವ ಉತ್ಸವವೂ ಹುಟ್ಟಿಸಲಾರದು, ಇದು ವರ್ಷವರ್ಷ ಪಟ್ಟುಹಿಡಿದು ಬೆಳೆಸಿದ ಫಸಲು. 2019ರ ಆಗಸ್ಟ್ ತಿಂಗಳಿಡೀ ‘ಮತ್ತೆ ಕಲ್ಯಾಣ’ ಎಂಬ ಹೆಸರಿನಲ್ಲಿ ಇಲ್ಲಿನ ತಂಡ ಜಿಲ್ಲೆಯಿಂದ ಜಿಲ್ಲೆಗೆ ಸಾಗಿ ಸಂವಾದ, ಮೆರವಣಿಗೆ, ನಾಟಕ ನಡೆಸಿತು. ದಿನಕ್ಕೊಂದು ಜಿಲ್ಲೆ, ದಿನಕ್ಕೊಂದು ಹೊಸ ಸಮಿತಿ. ಅದರ ವೈಚಾರಿಕ ಫಲದ ಬಗ್ಗೆ ಚರ್ಚೆ ಸಾಕಷ್ಟಾಗಿದೆ. ಅದನ್ನು ನಡೆಸಿದವರು ಒಂದು ತಿಂಗಳಲ್ಲಿ ಕಲಿತ ವಿದ್ಯೆಯನ್ನು ಮಾತ್ರ ಯಾರೂ ಬರೆದಿಟ್ಟಂತೆ ಕಾಣೆ. ಮಠದ ಆಸರೆಯಿರುವಲ್ಲಿ ಇದೆಲ್ಲ ಸುಲಭ ಎನ್ನುವ ಆಕ್ಷೇಪವೂ ಉಂಟು, ಅದರಲ್ಲಿ ಸತ್ಯವಿದೆ. ಸ್ವಾಮಿಗಳ ಮಾತಿಗೆ ಬರುವ ದೇಣಿಗೆ ಹೊಸ ಹುಡುಗರ ಮಾತಿಗೆ ಬಾರದು. ಸ್ವತಂತ್ರವಾಗಿ ದುಡಿಯಬೇಕೆನ್ನುವವರು ಸಾಣೇಹಳ್ಳಿಯಿಂದ ಶಿಸ್ತು, ಸಮಯಪಾಲನೆ, ಪ್ರೇಕ್ಷಕರ ಮೇಲಿನ ನಂಬಿಕೆ ಕಲಿಯಬಹುದು, ಹಣ ಹೊಂದಿಸುವುದನ್ನು ಬೇರೆ ಕಡೆ ಕಲಿಯಬೇಕು.

ಮೂರನೆಯ ಘಟ್ಟ ಸರ್ಕಾರಿ ಉತ್ಸವಗಳದು, ಇದರ ಬಗ್ಗೆ ನನ್ನ ಮಾತು ಸ್ವಲ್ಪ ಕಹಿ. ಹಂಪಿ ಉತ್ಸವದ ಹಿಂದೆ ಎಂ.ಪಿ. ಪ್ರಕಾಶ್ ಇದ್ದರು. ಹೂವಿನಹಡಗಲಿಯಲ್ಲಿ ರಂಗಭಾರತಿ ಕಟ್ಟಿ ನಾಟಕವಾಡಿದ ಮನುಷ್ಯ ಮಂತ್ರಿಯಾದಾಗ ಇಂಥ ಕನಸು ಕಂಡದ್ದು ಸಹಜ. ಅಂದರೆ ಆ ದೊಡ್ಡ ಉತ್ಸವವೂ ಒಂದು ಊರಿನ ಸಣ್ಣ ಸಂಘದ ಅನುಭವದಿಂದಲೇ ಬಂದದ್ದು. ಆಮೇಲೆ ಕದಂಬೋತ್ಸವ, ಲಕ್ಕುಂಡಿ ಉತ್ಸವ, ಚಾಲುಕ್ಯ ಉತ್ಸವ ಬಂದವು, ನಮ್ಮ ಜಿಲ್ಲೆಯಲ್ಲೇ 2023ರಲ್ಲಿ ಚಿಕ್ಕಮಗಳೂರು ಹಬ್ಬವಾಯಿತು. ವೇದಿಕೆ ಟೆಂಡರಿನವರದು, ಧ್ವನಿ ಬೆಳಕು ಇವೆಂಟ್ ಮ್ಯಾನೇಜ್‌ಮೆಂಟಿನವರದು, ರಾತ್ರಿ ಸಿನಿಮಾ ಗಾಯಕರದು. ಈ ಸೀಮೆಯ ವೀರಗಾಸೆ, ಡೊಳ್ಳಿನ ತಂಡಗಳು ಬೆಳಗಿನ ಮೆರವಣಿಗೆಯಲ್ಲಿ ಕುಣಿದು, ಊಟದ ಕೂಪನ್ನಿಗೆ ಸಾಲು ನಿಂತು, ಬಸ್ಸು ಹತ್ತುತ್ತವೆ. ಉತ್ಸವ ಮುಗಿದಾಗ ಜಿಲ್ಲೆಯಲ್ಲಿ ಒಬ್ಬನೇ ಒಬ್ಬ ಹೊಸ ಸಂಘಟಕ ಉಳಿದಿರುವುದಿಲ್ಲ. ಪೆಂಡಾಲಿನ ಗುಂಡಿ ಮಾತ್ರ ಉಳಿದಿರುತ್ತದೆ. ಖರ್ಚಿನ ವಿಷಯದಲ್ಲಿ ನನಗೆ ತಕರಾರಿಲ್ಲ, ಕಲೆಗೆ ಸರ್ಕಾರ ಇನ್ನಷ್ಟು ಖರ್ಚು ಮಾಡಲಿ. ಕಲಿಕೆಯನ್ನು ಗುತ್ತಿಗೆಗೆ ಕೊಟ್ಟದ್ದರ ಬಗ್ಗೆ ತಕರಾರು.

ಆಯೋಜಕರು ಎಲ್ಲಿ ಕಲಿಯಬೇಕೆಂಬ ಪ್ರಶ್ನೆಯನ್ನು ಹೊರಗಿನ ಲೋಕ ಗಂಭೀರವಾಗಿ ತೆಗೆದುಕೊಂಡಿದೆ. 1947ರಲ್ಲಿ ಎಡಿನ್‌ಬರೊ ಉತ್ಸವಕ್ಕೆ ಕರೆಯದಿದ್ದರೂ ಎಂಟು ತಂಡಗಳು ಹೋಗಿ ತಾವೇ ಜಾಗ ಹುಡುಕಿಕೊಂಡು ಆಡಿದವು, ಅದೇ ಬೆಳೆದು ಫ್ರಿಂಜ್ ಆಯಿತು. ಅಲ್ಲಿ ಇವತ್ತಿಗೂ ತಂಡ ತನ್ನ ಜಾಗ, ಪ್ರಚಾರ, ಲಾಭನಷ್ಟ ತಾನೇ ನೋಡಿಕೊಳ್ಳಬೇಕು. ಯುರೋಪಿನ ಉತ್ಸವಗಳ ಒಕ್ಕೂಟ 2006ರಲ್ಲಿ ಜರ್ಮನಿಯ ಗೋರ್ಲಿಟ್ಸ್‌ನಲ್ಲಿ ಎಳೆಯ ಉತ್ಸವ ವ್ಯವಸ್ಥಾಪಕರಿಗಾಗಿ ಕಾರ್ಯಾಗಾರ ಶುರುಮಾಡಿತು. ಹಳಬರು ಬಂದು ತಮ್ಮ ಅನುಭವವನ್ನು ಬಿಚ್ಚಿಡುತ್ತಾರೆ. 2012ರಲ್ಲಿ ಆರಂಭವಾದ ಕೊಚ್ಚಿಯ ಬಿನಾಲೆ ಎರಡನೆಯ ಆವೃತ್ತಿಗೇ ವಿದ್ಯಾರ್ಥಿಗಳ ಬಿನಾಲೆಯನ್ನು ಸೇರಿಸಿಕೊಂಡಿತು. ಬೆಂಗಳೂರಿನಲ್ಲಿ 2004ರಲ್ಲಿ ಬಾಗಿಲು ತೆರೆದ ರಂಗಶಂಕರ ಪ್ರೇಕ್ಷಕರಿಗೆ ಹೊತ್ತಿಗೆ ಸರಿಯಾಗಿ ಬರುವುದನ್ನು ಕಲಿಸಿತು. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ಇಂಡಿಯಾ ಥಿಯೇಟರ್ ಫೋರಂ, ಮುಂಬೈನ ಜುನೂನ್ ಮೂರೂ ಸೇರಿ ‘ಸ್ಮಾರ್ಟ್’ ಹೆಸರಿನಲ್ಲಿ ನಾಟಕ ತಂಡಗಳಿಗೆ ಯೋಜನೆ, ಹಣಕಾಸು, ಪ್ರೇಕ್ಷಕರ ವಿಷಯ ಕಲಿಸಲು ಹೊರಟವು. ಒಳ್ಳೆಯ ಕೆಲಸ, ಆದರೆ ಬುಕ್ಕಾಂಬುಧಿಯ ಹುಡುಗಿಗೆ ಅದು ಮುಟ್ಟುವುದು ಯಾವಾಗ?

ಇಲ್ಲೊಂದು ಎಚ್ಚರ ಬೇಕು. ‘ಕಲಿಕೆ’ ಎಂದ ಕೂಡಲೇ ಪುಕ್ಕಟೆ ದುಡಿಸಿಕೊಳ್ಳುವವರು ಸಾಲುಗಟ್ಟಿ ಬರುತ್ತಾರೆ. ಸ್ವಯಂಸೇವಕ ಎಂಬ ಬ್ಯಾಡ್ಜು ಹಾಕಿ ಕುರ್ಚಿ ಹೊರಿಸಿ, ಅತಿಥಿಗಳಿಗೆ ನೀರು ಕೊಡಿಸಿ, ಕೊನೆಗೆ ಒಂದು ಪ್ರಮಾಣಪತ್ರ ಕೈಗಿಡುವುದನ್ನು ಕಲಿಕೆ ಎನ್ನಲಾಗದು. ಕುರ್ಚಿ ಹೊರುವುದೂ ಕೆಲಸವೇ, ಯಾರೂ ಕೀಳಾಗುವುದಿಲ್ಲ. ಆದರೆ ಕುರ್ಚಿ ಎಷ್ಟು ಬೇಕು, ಯಾರಿಂದ ತರಿಸಬೇಕು, ಬಾಡಿಗೆ ಎಷ್ಟು ಎಂಬ ತೀರ್ಮಾನದಲ್ಲಿ ಅವನಿಗೆ ಪಾಲಿಲ್ಲದಿದ್ದರೆ ಅವನು ಕಲಿತದ್ದು ಏನು? ಹಣ ಮುಟ್ಟದೆ, ನಷ್ಟದ ಭಯ ಅನುಭವಿಸದೆ, ಕಲಾವಿದರ ಸಿಟ್ಟಿಗೆ ಎದುರು ನಿಲ್ಲದೆ ಯಾರೂ ಆಯೋಜಕರಾಗುವುದಿಲ್ಲ. ನಮ್ಮ ಸಂಘಗಳಲ್ಲಿ ಖಜಾಂಚಿ ಪಟ್ಟ ಮಾತ್ರ ಹಿರಿಯರ ಕೈಬಿಟ್ಟು ಬರುವುದೇ ಇಲ್ಲ. ಹೆಣ್ಣುಮಕ್ಕಳಿಗಂತೂ ಪ್ರಾರ್ಥನೆ ಮತ್ತು ಆರತಿ ತಟ್ಟೆಯಷ್ಟೇ. ನಾಗರತ್ನಮ್ಮ ಯಜಮಾನಿಕೆ ಹೊತ್ತು ಆರು ದಶಕ ದಾಟಿದ ಮೇಲೂ ಹೀಗೆ.

ಉತ್ಸವ ಮುಗಿದ ಮಾರನೆಯ ದಿನ ಲೆಕ್ಕ ಓದುವ ಪದ್ಧತಿಯೂ ಕಡಿಮೆಯಾಗಿದೆ. ಹಳೆಯ ಜಾತ್ರೆ ಸಮಿತಿಗಳು ದೇವಸ್ಥಾನದ ಮುಂದೆ ಜಮಾಖರ್ಚು ಓದುತ್ತಿದ್ದವು, ಜಗಳವೂ ಆಗುತ್ತಿತ್ತು. ಆ ಜಗಳದಲ್ಲಿ ಮೂಲೆಯಲ್ಲಿ ಕೂತ ಹುಡುಗರು ಪೆಂಡಾಲಿನ ಬಾಡಿಗೆ ಎಷ್ಟು, ಮೋಸ ಎಲ್ಲಿ, ಉಳಿತಾಯ ಎಲ್ಲಿ ಎಂಬುದನ್ನು ಕಲಿಯುತ್ತಿದ್ದರು. ಈ ಸೀಮೆಯ ಅಂತರಘಟ್ಟಮ್ಮನ ಜಾತ್ರೆಗೆ ಪಾನಕದ ಗಾಡಿ ಕಟ್ಟಿಕೊಂಡು ಹೋಗುವ ಊರುಗಳಿಗೆ ಸಾವಿರ ಜನರ ಏರ್ಪಾಟು ಮಾಡುವುದು ಗೊತ್ತಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಗೊತ್ತಿರುವುದನ್ನು ಕಲೆಯ ಕಡೆಗೆ ತಿರುಗಿಸುವವರು ಬೇಕು.

ಆದ್ದರಿಂದ ಅಜ್ಜಂಪುರ, ಶಿವನಿ, ಬುಕ್ಕಾಂಬುಧಿಯ ಸಂಘಗಳಲ್ಲಿ ಒಂದು ಕೋರಿಕೆ. ಈ ವರ್ಷ ತಿರುಗಾಟ ಅಥವಾ ಶಿವಸಂಚಾರದ ಒಂದು ನಾಟಕವನ್ನು ಹೋಬಳಿಗೆ ಕರೆಸಿ. ಅಧ್ಯಕ್ಷರು, ಗೌರವಾಧ್ಯಕ್ಷರು ಯಾರಾದರೂ ಆಗಲಿ. ರಸೀದಿ ಪುಸ್ತಕ, ತಂಡದವರ ಜೊತೆಗಿನ ಮಾತುಕತೆ, ಖಜಾನೆ ಈ ಮೂರನ್ನು ಮಾತ್ರ ಇಪ್ಪತ್ತೈದರ ಒಳಗಿನವರಿಗೆ ಒಪ್ಪಿಸಿ, ಅವರಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳಿರಲಿ. ನಷ್ಟವಾದರೆ ಹಿರಿಯರು ತುಂಬಿಕೊಡಿ. ಮುಂದಿನ ವರ್ಷವೂ ಅವರಿಗೇ ಕೊಡಿ.