ಅಲ್ಜೀರಿಯಾ: ಪರಕೀಯರು ಹೋದ ಮೇಲೂ ಉಳಿದ ಪ್ರಶ್ನೆ

1830ರ ಜೂನ್ 14ರಂದು ಫ್ರೆಂಚ್ ಸೇನೆಯು ಅಲ್ಜಿಯರ್ಸ್ ನಗರದ ಪಶ್ಚಿಮಕ್ಕಿರುವ ಸೀದಿ ಫ್ರೆಜ್ ಕಡಲತೀರದಲ್ಲಿ ಇಳಿಯಿತು. ಮೂರು ವಾರಗಳ ಬಳಿಕ, ಜುಲೈ 5ರಂದು, ಅಲ್ಲಿನ ಆಡಳಿತಗಾರ ಹುಸೈನ್ ದೇ ಶರಣಾದನು. ಇಸ್ಲಾಮ್ ಧರ್ಮದ ಆಚರಣೆಗೆ ಅಡ್ಡಿಯಾಗದು, ಜನರ ಆಸ್ತಿ ಮತ್ತು ವ್ಯಾಪಾರಕ್ಕೆ ಧಕ್ಕೆ ಬಾರದು, ಸ್ತ್ರೀಯರ ಗೌರವಕ್ಕೆ ಕುಂದುಂಟಾಗದು ಎಂದು ಅಂದಿನ ಒಪ್ಪಂದದಲ್ಲಿ ಫ್ರೆಂಚ್ ಸೇನಾಪತಿ ಮಾತು ಕೊಟ್ಟಿದ್ದನು. ಆದರೆ ಸೆಪ್ಟೆಂಬರ್ ತಿಂಗಳಲ್ಲೇ ಮಕ್ಕಾ ಮತ್ತು ಮದೀನಾಗಳ ಹೆಸರಿನಲ್ಲಿದ್ದ ವಕ್ಫ್ ಆಸ್ತಿಗಳನ್ನು ಮುಟ್ಟುಗೋಲು ಹಾಕುವ ಆದೇಶ ಹೊರಟಿತು. ಮಸೀದಿ, ಮದ್ರಸ, ಬಡವರ ನೆರವು ಎಲ್ಲವೂ ನಡೆಯುತ್ತಿದ್ದುದು ವಕ್ಫ್ ಆದಾಯದಿಂದಲೇ. 1832ರಲ್ಲಿ ನಗರದ ಪ್ರಸಿದ್ಧ ಕೆಚಾವಾ ಮಸೀದಿಯನ್ನು ಚರ್ಚ್ ಆಗಿ ಪರಿವರ್ತಿಸಲಾಯಿತು. ಪರಿಸ್ಥಿತಿಯ ಅಧ್ಯಯನಕ್ಕೆಂದು ಫ್ರಾನ್ಸೇ 1833ರಲ್ಲಿ ಕಳುಹಿಸಿದ ಆಯೋಗವು, ನಾಗರಿಕತೆ ಕಲಿಸಲು ಬಂದವರೇ ಕ್ರೌರ್ಯದಲ್ಲಿ ಮಿತಿ ಮೀರಿದ್ದಾರೆಂದು ಒಪ್ಪಿಕೊಂಡಿತು; ಆದರೂ ನಾಡನ್ನು ಬಿಟ್ಟುಕೊಡಬಾರದೆಂದು ಶಿಫಾರಸು ಮಾಡಿತು.

ಹೀಗೆ ಆರಂಭವಾದ ಆಳ್ವಿಕೆ 132 ವರ್ಷ ನಡೆಯಿತು. ಈ ಇತಿಹಾಸವನ್ನು ಸೇನಾನಿಗಳ ಮತ್ತು ಯುದ್ಧಗಳ ಕಥೆಯಾಗಿ ಓದುವುದು ರೂಢಿ. ಸಾಮಾನ್ಯ ನಾಗರಿಕನ ಕಡೆಯಿಂದ ಓದಿದರೆ ಬೇರೆಯೇ ಪ್ರಶ್ನೆಗಳು ಎದುರಾಗುತ್ತವೆ. ಪರಕೀಯರ ಆಳ್ವಿಕೆಯಲ್ಲಿ ಮನುಷ್ಯನ ಸ್ಥಾನವೇನಾಗುತ್ತದೆ? ಅದನ್ನು ಎದುರಿಸುವವರಿಗೆ ಮಿತಿಯೆಂಬುದು ಇದೆಯೇ? ಪರಕೀಯರು ಹೊರಟುಹೋದ ಮೇಲೆ ಅಧಿಕಾರ ಯಾರ ಕೈಗೆ ಬರಬೇಕು?

ಮೊದಲ ದೊಡ್ಡ ಪ್ರತಿರೋಧವನ್ನು ಕಟ್ಟಿದವರು ಅಮೀರ್ ಅಬ್ದುಲ್ ಕಾದಿರ್. 1832ರಲ್ಲಿ ಮಸ್ಕರಾ ಪ್ರದೇಶದ ಗೋತ್ರಗಳು ಅವರಿಗೆ ಬೈಅತ್ ಮಾಡಿದಾಗ ಅವರಿಗೆ 24 ವರ್ಷ. ಹದಿನೈದು ವರ್ಷ ಅವರು ಯುರೋಪಿನ ಬಲಿಷ್ಠ ಸೇನೆಯೊಂದನ್ನು ಎದುರಿಸಿ ನಿಂತರು. ಅವರ ಹಿರಿಮೆಯಿರುವುದು ಕೇವಲ ಶೌರ್ಯದಲ್ಲಲ್ಲ. ಸೆರೆಸಿಕ್ಕ ಶತ್ರುಸೈನಿಕರನ್ನು ಹಿಂಸಿಸಕೂಡದೆಂದು ಅವರು ನಿಯಮ ಮಾಡಿದರು. ಒಬ್ಬ ಫ್ರೆಂಚ್ ಕೈದಿಯ ಬಿಡುಗಡೆ ಕೋರಿ ಅಲ್ಜಿಯರ್ಸ್‌ನ ಬಿಷಪ್ ಪತ್ರ ಬರೆದಾಗ, ಒಬ್ಬನಿಗಾಗಿ ಮಾತ್ರವೇಕೆ ಕೇಳುವಿರಿ, ಎಲ್ಲರಿಗಾಗಿ ಕೇಳಿರಿ, ನಿಮ್ಮವರ ಸೆರೆಯಲ್ಲಿರುವ ಮುಸ್ಲಿಮರಿಗಾಗಿಯೂ ಕೇಳಿರಿ ಎಂಬ ಅರ್ಥದ ಉತ್ತರವನ್ನಿತ್ತರು. ಅದೇ ಕಾಲದಲ್ಲಿ, 1845ರ ಜೂನ್‌ನಲ್ಲಿ, ದಹ್ರಾ ಬೆಟ್ಟದ ಗುಹೆಗಳಲ್ಲಿ ಅಡಗಿದ್ದ ಊಲಾದ್ ರಿಯಾಹ್ ಗೋತ್ರದ ನೂರಾರು ಜನರನ್ನು, ಹೆಂಗಸರು ಮಕ್ಕಳೆನ್ನದೆ, ಕರ್ನಲ್ ಪೆಲಿಸಿಯೆಯ ಪಡೆಯು ಗುಹೆಯ ಬಾಯಿಗೆ ಬೆಂಕಿಯಿಟ್ಟು ಹೊಗೆಯಿಂದ ಉಸಿರುಗಟ್ಟಿಸಿ ಕೊಂದಿತು.

1847ರಲ್ಲಿ ಅಮೀರ್ ಶರಣಾದರು. ಪೂರ್ವದೇಶಕ್ಕೆ ಹೋಗಲು ಬಿಡುವುದಾಗಿ ಕೊಟ್ಟ ಮಾತನ್ನು ಮುರಿದು ಫ್ರಾನ್ಸ್ ಅವರನ್ನು ಸುಮಾರು ಐದು ವರ್ಷ ಸೆರೆಯಲ್ಲಿಟ್ಟಿತು. ಆಮೇಲೆ ಅವರು ದಮಸ್ಕಸ್‌ನಲ್ಲಿ ನೆಲೆಸಿದರು. 1860ರ ಜುಲೈಯಲ್ಲಿ ಆ ನಗರದಲ್ಲಿ ಕ್ರೈಸ್ತರ ಮೇಲೆ ದೊಂಬಿಕೋರರು ಎರಗಿದಾಗ, ಕ್ರೈಸ್ತ ರಾಷ್ಟ್ರವೊಂದರಿಂದ ತಾಯ್ನಾಡನ್ನೇ ಕಳೆದುಕೊಂಡಿದ್ದ ಈ ಮನುಷ್ಯ ತನ್ನ ಅಲ್ಜೀರಿಯನ್ ಸಂಗಡಿಗರೊಂದಿಗೆ ಬೀದಿಗಿಳಿದು ಸಾವಿರಾರು ಕ್ರೈಸ್ತರ ಜೀವ ಉಳಿಸಿದರು. ಒಂದು ಜನಾಂಗದ ಮೇಲಿನ ಹಗೆತನವು ನ್ಯಾಯವನ್ನು ಕೈಬಿಡಲು ನೆಪವಾಗಕೂಡದೆಂಬ ಕುರ್‌ಆನಿನ ಬೋಧನೆಯನ್ನು ಅವರು ಬದುಕಿ ತೋರಿಸಿದರು.

ಇತ್ತ ಅಲ್ಜೀರಿಯಾವನ್ನು ಫ್ರಾನ್ಸ್ 1848ರಲ್ಲಿ ತನ್ನದೇ ಭೂಭಾಗವೆಂದು ಘೋಷಿಸಿತು. ನೆಲವು ಫ್ರಾನ್ಸಿನದಾಯಿತು, ಜನರು ಮಾತ್ರ ಫ್ರಾನ್ಸಿನವರಾಗಲಿಲ್ಲ. 1865ರ ಕಾನೂನಿನ ಪ್ರಕಾರ ಮುಸ್ಲಿಮನು ಫ್ರಾನ್ಸಿನ ಆಳ್ವಿಕೆಗೆ ಒಳಪಟ್ಟವನು, ಆದರೆ ಪೌರನಲ್ಲ. ಪೂರ್ಣ ಪೌರತ್ವ ಬೇಕಿದ್ದರೆ ವಿವಾಹ, ವಾರಸು ಮೊದಲಾದ ವಿಷಯಗಳಲ್ಲಿ ತನ್ನ ಶರೀಅತ್ ಕಾನೂನನ್ನು ತ್ಯಜಿಸಬೇಕಿತ್ತು. ಬಹುಸಂಖ್ಯೆಯ ಜನರು ಅದಕ್ಕೆ ಒಪ್ಪಲಿಲ್ಲ. 1881ರಿಂದ ಮುಸ್ಲಿಮರಿಗೆಂದೇ ಪ್ರತ್ಯೇಕ ದಂಡಸಂಹಿತೆ ಜಾರಿಯಾಯಿತು. ಸ್ವಾತಂತ್ರ್ಯ, ಸಮಾನತೆ, ಸಹೋದರತೆ ಎಂದು ಸರಕಾರಿ ಕಟ್ಟಡಗಳ ಮೇಲೆ ಕೆತ್ತಿಸಿದ ರಾಷ್ಟ್ರವು ಒಂದೇ ನೆಲದಲ್ಲಿ ಎರಡು ಬಗೆಯ ಮನುಷ್ಯರನ್ನು ಸೃಷ್ಟಿಸಿತು.

ಈ ಸ್ಥಿತಿ ವಿದ್ಯಾವಂತನೊಬ್ಬನ ಮನಸ್ಸನ್ನು ಹೇಗೆ ರೂಪಿಸಿತೆಂಬುದಕ್ಕೆ ಫರ್ಹಾತ್ ಅಬ್ಬಾಸರ ಜೀವನವೇ ನಿದರ್ಶನ. ಸೆತೀಫ್ ಪಟ್ಟಣದಲ್ಲಿ ಔಷಧದಂಗಡಿ ನಡೆಸುತ್ತಿದ್ದ ಅವರು, ಅಲ್ಜೀರಿಯಾ ಎಂಬ ರಾಷ್ಟ್ರವನ್ನು ಇತಿಹಾಸದಲ್ಲಿ ಹುಡುಕಿದೆ, ಕಾಣಲಿಲ್ಲ ಎಂಬರ್ಥದಲ್ಲಿ 1936ರಲ್ಲಿ ಬರೆದರು. ಮುಸ್ಲಿಮರಾಗಿ ಉಳಿದುಕೊಂಡೇ ಫ್ರಾನ್ಸಿನ ಸಮಾನ ಪೌರರಾಗಬಹುದೆಂಬುದು ಅವರ ಅಂದಿನ ನಂಬಿಕೆ. 1931ರಲ್ಲಿ ಸ್ಥಾಪನೆಯಾದ ಅಲ್ಜೀರಿಯಾದ ಉಲಮಾ ಸಂಘದ ಮುಖಂಡ ಶೈಖ್ ಅಬ್ದುಲ್ ಹಮೀದ್ ಬಿನ್ ಬಾದಿಸ್ ಇದಕ್ಕೆ ಉತ್ತರವಾಗಿ, ನಾವೂ ಹುಡುಕಿದೆವು, ಆ ರಾಷ್ಟ್ರವನ್ನು ಕಂಡೆವು, ಅದಕ್ಕೆ ತನ್ನದೇ ಧರ್ಮ, ಭಾಷೆ, ಸಂಸ್ಕೃತಿಗಳಿವೆ ಎಂದು ಸಾರಿದರು. ಅವರ ಹೋರಾಟದ ಸಾಧನ ಶಾಲೆಯಾಗಿತ್ತು. ಹೆಣ್ಣುಮಕ್ಕಳಿಗೂ ಅವರು ಶಿಕ್ಷಣದ ಬಾಗಿಲು ತೆರೆದರು. ಅವರು ನಿಧನರಾದ ಏಪ್ರಿಲ್ 16ನೇ ದಿನವನ್ನು ಅಲ್ಜೀರಿಯಾ ಇಂದಿಗೂ ಜ್ಞಾನ ದಿನವಾಗಿ ಆಚರಿಸುತ್ತದೆ.

ಅಬ್ಬಾಸರ ನಂಬಿಕೆಯನ್ನು ಒಡೆದದ್ದು ಫ್ರಾನ್ಸೇ. 1945ರ ಮೇ 8ರಂದು ಯುರೋಪ್ ನಾಝಿಗಳ ಸೋಲನ್ನು ಆಚರಿಸುತ್ತಿದ್ದಾಗ, ಸೆತೀಫ್‌ನ ಮೆರವಣಿಗೆಯಲ್ಲಿ ಅಲ್ಜೀರಿಯಾದ ಧ್ವಜ ಹಿಡಿದಿದ್ದ ಯುವಕನೊಬ್ಬನನ್ನು ಪೊಲೀಸರು ಗುಂಡಿಟ್ಟು ಕೊಂದರು. ನಂತರದ ಗಲಭೆಯಲ್ಲಿ ಸುಮಾರು ನೂರು ಯುರೋಪಿಯನ್ನರು ಹತರಾದರು. ಅದಕ್ಕೆ ಪ್ರತೀಕಾರವಾಗಿ ಸೇನೆಯೂ ವಲಸಿಗರ ಗುಂಪುಗಳೂ ಸೆತೀಫ್, ಗೆಲ್ಮಾ, ಖರ್ರಾತಾ ಪ್ರದೇಶಗಳಲ್ಲಿ ಸಾವಿರಾರು ಮುಸ್ಲಿಮರನ್ನು ಕೊಂದವು. ಸತ್ತವರು 45,000 ಎಂದು ಅಲ್ಜೀರಿಯಾ ಹೇಳುತ್ತದೆ. ಫ್ರೆಂಚ್ ಆಡಳಿತದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. 1947ರಲ್ಲಿ ರಚನೆಯಾದ ಅಲ್ಜೀರಿಯಾ ವಿಧಾನಸಭೆಯಲ್ಲಿ 120 ಸ್ಥಾನಗಳಿದ್ದವು. 60 ಸ್ಥಾನಗಳು ಹತ್ತು ಲಕ್ಷದೊಳಗಿನ ಯುರೋಪಿಯನ್ನರ ವರ್ಗಕ್ಕೆ, ಉಳಿದ 60 ಸುಮಾರು ಎಂಬತ್ತು ಲಕ್ಷ ಮುಸ್ಲಿಮರಿಗೆ. ಅಷ್ಟನ್ನೂ ಸಹಿಸಲಾಗದೆ 1948ರ ಚುನಾವಣೆಯಲ್ಲಿ ಅಭ್ಯರ್ಥಿಗಳನ್ನು ಬಂಧಿಸಿ, ಮತಪೆಟ್ಟಿಗೆಗಳಲ್ಲಿ ಕಳ್ಳಮತ ತುಂಬಿಸಿ ಆಡಳಿತವು ತನಗೆ ಬೇಕಾದವರನ್ನೇ ಗೆಲ್ಲಿಸಿಕೊಂಡಿತು. ಮತದ ದಾರಿ ಮುಚ್ಚಿದ ಮೇಲೆ ಉಳಿದದ್ದು ಬಂದೂಕಿನ ದಾರಿ. 1954ರ ನವೆಂಬರ್ 1ರಂದು ರಾಷ್ಟ್ರೀಯ ವಿಮೋಚನಾ ರಂಗವು ಸಶಸ್ತ್ರ ಹೋರಾಟವನ್ನು ಆರಂಭಿಸಿತು. 1956ರಲ್ಲಿ ಅಬ್ಬಾಸರೂ ಅದನ್ನು ಸೇರಿದರು. 1958ರಲ್ಲಿ ತಾತ್ಕಾಲಿಕ ಸರಕಾರದ ಮೊದಲ ಅಧ್ಯಕ್ಷರಾದರು.

ಈ ಯುದ್ಧದಲ್ಲಿ ಫ್ರಾನ್ಸಿನ ಪ್ರಜಾಪ್ರಭುತ್ವವೂ ಗಾಯಗೊಂಡಿತು. 1956ರಲ್ಲಿ ಅಲ್ಲಿನ ಸಂಸತ್ತೇ ಸರಕಾರಕ್ಕೆ ವಿಶೇಷಾಧಿಕಾರ ನೀಡಿತು. ಚಿತ್ರಹಿಂಸೆ ದಿನನಿತ್ಯದ ಕ್ರಮವಾಯಿತು. ಅದನ್ನು ಅನುಭವಿಸಿ ಬರೆದ ಪತ್ರಕರ್ತ ಆನ್ರಿ ಅಲೆಗ್ ಅವರ ಪುಸ್ತಕವನ್ನು 1958ರಲ್ಲಿ ಮುಟ್ಟುಗೋಲು ಹಾಕಲಾಯಿತು. ಚಿತ್ರಹಿಂಸೆಯನ್ನು ವಿರೋಧಿಸಿ ಹುದ್ದೆಯಿಂದ ಬಿಡುಗಡೆ ಕೇಳಿದ ಜನರಲ್ ಬೊಲಾರ್ಡಿಯೆ ಅವರಿಗೆ 60 ದಿನಗಳ ಸೆರೆವಾಸದ ಶಿಕ್ಷೆಯಾಯಿತು. 1958ರ ಮೇಯಲ್ಲಿ ಅಲ್ಜಿಯರ್ಸ್‌ನ ಸೇನಾ ದಂಗೆಯಿಂದ ನಾಲ್ಕನೆಯ ಗಣರಾಜ್ಯವೇ ಕುಸಿಯಿತು. 1961ರ ಅಕ್ಟೋಬರ್ 17ರಂದು ಪ್ಯಾರಿಸ್‌ನಲ್ಲಿ ಶಾಂತಿಯುತವಾಗಿ ಮೆರವಣಿಗೆ ಹೊರಟ ಅಲ್ಜೀರಿಯನ್ನರನ್ನು ಪೊಲೀಸರು ಕೊಂದು, ಅನೇಕರನ್ನು ಸೇನ್ ನದಿಗೆ ಎಸೆದರು. ಪರನಾಡಿನಲ್ಲಿ ಕಾನೂನನ್ನು ತುಳಿದ ಕಾಲು ಸ್ವಂತ ನಾಡಿಗೆ ಮರಳುವಾಗ ಆ ಅಭ್ಯಾಸವನ್ನು ಹೊಸ್ತಿಲಾಚೆ ಬಿಟ್ಟು ಬರುವುದಿಲ್ಲ.

ನ್ಯಾಯಕ್ಕೆ ನಿಷ್ಠರಾದವರು ಇನ್ನೊಂದು ಮಾತನ್ನೂ ಹೇಳಲೇಬೇಕು. ವಿಮೋಚನಾ ರಂಗದವರೂ ಉಪಾಹಾರಗೃಹಗಳಲ್ಲಿ ಬಾಂಬಿಟ್ಟು ನಿರಪರಾಧಿಗಳನ್ನು ಕೊಂದರು. 1957ರಲ್ಲಿ ಮೆಲೂಝಾದಲ್ಲಿ ಎದುರಾಳಿ ಗುಂಪನ್ನು ಬೆಂಬಲಿಸಿದರೆಂದು ಸುಮಾರು 300 ಮುಸ್ಲಿಮ್ ಗ್ರಾಮಸ್ಥರ ಹತ್ಯೆ ನಡೆಯಿತು. ಗುರಿ ನ್ಯಾಯವಾದದ್ದೆಂಬ ಕಾರಣಕ್ಕೆ ಪ್ರತಿಯೊಂದು ಕೃತ್ಯವೂ ನ್ಯಾಯವಾಗುವುದಿಲ್ಲ. ಅಬ್ದುಲ್ ಕಾದಿರ್ ಹಾಕಿಕೊಟ್ಟ ಮಿತಿಯನ್ನು ದಾಟಿದವರು ಆ ಅಭ್ಯಾಸವನ್ನು ಸ್ವಾತಂತ್ರ್ಯದ ನಂತರಕ್ಕೂ ಕೊಂಡೊಯ್ದರು.

1962ರ ಜುಲೈ 1ರ ಜನಮತಗಣನೆಯಲ್ಲಿ ಸುಮಾರು 60 ಲಕ್ಷ ಮತಗಳು ಸ್ವಾತಂತ್ರ್ಯದ ಪರವಾಗಿ ಬಿದ್ದವು. ಕೆಚಾವಾ ಮತ್ತೆ ಮಸೀದಿಯಾಯಿತು. ಫರ್ಹಾತ್ ಅಬ್ಬಾಸ್ ಸಂವಿಧಾನ ಸಭೆಯ ಅಧ್ಯಕ್ಷರಾದರು. ಆದರೆ ಮರುವರ್ಷವೇ ಸಂವಿಧಾನದ ಕರಡನ್ನು ಸಭೆಯ ಹೊರಗೆ, ಆಳುವ ಪಕ್ಷದವರು ಚಿತ್ರಮಂದಿರವೊಂದರಲ್ಲಿ ಸೇರಿ ಅಂಗೀಕರಿಸಿದರು. ಪ್ರತಿಭಟಿಸಿ ರಾಜೀನಾಮೆಯಿತ್ತ ಅಬ್ಬಾಸರನ್ನು 1964ರಲ್ಲಿ ಸ್ವತಂತ್ರ ಅಲ್ಜೀರಿಯಾವೇ ಬಂಧನದಲ್ಲಿಟ್ಟಿತು. 1965ರಲ್ಲಿ ಸೇನೆ ಅಧಿಕಾರ ಹಿಡಿಯಿತು. ನಾವು ನಾಡನ್ನು ಬಿಡಿಸಿದವರು, ಆದ್ದರಿಂದ ನಮ್ಮನ್ನು ಪ್ರಶ್ನಿಸುವುದು ನಾಡನ್ನೇ ಪ್ರಶ್ನಿಸಿದಂತೆ ಎಂಬುದು ಆಳುವವರ ವಾದವಾಯಿತು.

1988ರ ಅಕ್ಟೋಬರ್‌ನಲ್ಲಿ ಯುವಜನರು ಬೀದಿಗಿಳಿದ ಮೇಲೆ ಬಹುಪಕ್ಷ ವ್ಯವಸ್ಥೆ ಬಂತು. 1991ರ ಡಿಸೆಂಬರ್‌ನ ಮೊದಲ ಸುತ್ತಿನ ಚುನಾವಣೆಯಲ್ಲಿ ಇಸ್ಲಾಮಿಕ್ ಸಾಲ್ವೇಶನ್ ಫ್ರಂಟ್ 188 ಸ್ಥಾನಗಳನ್ನು ಗೆದ್ದಿತು. 1992ರ ಜನವರಿಯಲ್ಲಿ ಸೇನೆಯು ಎರಡನೆಯ ಸುತ್ತನ್ನೇ ರದ್ದುಗೊಳಿಸಿತು. ಪ್ರಜಾಪ್ರಭುತ್ವವನ್ನು ಉಳಿಸಲಿಕ್ಕೇ ಹೀಗೆ ಮಾಡಿದೆವೆಂಬುದು ಅದರ ಸಮರ್ಥನೆ. ನಂತರದ ಹತ್ತು ವರ್ಷಗಳ ಅಂತರ್ಯುದ್ಧದಲ್ಲಿ ಸೇನೆಯ ಬಂದೂಕಿಗೂ, ಧರ್ಮದ ಹೆಸರಿನಲ್ಲಿ ಹಳ್ಳಿಗಳಿಗೆ ನುಗ್ಗಿದ ಗುಂಪುಗಳ ಕತ್ತಿಗೂ ಒಂದು ಲಕ್ಷಕ್ಕಿಂತ ಹೆಚ್ಚು ಜನರು ಬಲಿಯಾದರೆಂದು ಅಂದಾಜು.

2019ರ ಫೆಬ್ರವರಿ 22ರಂದು, ಶುಕ್ರವಾರ, ಅಲ್ಜೀರಿಯಾದ ಜನರು ಮತ್ತೆ ಬೀದಿಗೆ ಬಂದರು. ಈ ಸಲ ಕೈಯಲ್ಲಿ ಕಲ್ಲಿರಲಿಲ್ಲ; ಬಾಯಲ್ಲಿ ‘ಸಿಲ್ಮಿಯ್ಯಾ’, ಅಂದರೆ ಶಾಂತಿಯುತ, ಎಂಬ ಘೋಷಣೆಯಿತ್ತು. 1957ರಲ್ಲಿ ಫ್ರೆಂಚರು ಚಿತ್ರಹಿಂಸೆ ನೀಡಿ ಮರಣದಂಡನೆ ವಿಧಿಸಿದ್ದ ಜಮೀಲಾ ಬೂಹಿರೆದ್ ತಮ್ಮ ಎಂಬತ್ತರ ಇಳಿವಯಸ್ಸಿನಲ್ಲಿ ಆ ಚಳವಳಿಯ ಮೆರವಣಿಗೆಯಲ್ಲಿ ನಡೆದರು. ಏಪ್ರಿಲ್ 2ರಂದು ಅಧ್ಯಕ್ಷ ಬೂತಫ್ಲೀಕಾ ರಾಜೀನಾಮೆ ನೀಡಿದರು. ಸೇನೆಯ ಹಿಡಿತವೇನೂ ಸಡಿಲವಾಗಲಿಲ್ಲ. ಚಳವಳಿಯ ಅನೇಕರು ಆಮೇಲೆ ಸೆರೆಮನೆ ಸೇರಿದರು. ಆದರೂ ಪರಕೀಯರನ್ನು ಪ್ರಶ್ನಿಸಿದ ಬಾಯಿಂದಲೇ ಸ್ವಕೀಯರನ್ನೂ ಪ್ರಶ್ನಿಸಬಹುದೆಂದು ಆ ವೃದ್ಧ ಮಹಿಳೆ ತೋರಿಸಿಕೊಟ್ಟರು.

ಮುಸ್ಲಿಮ್ ಜಗತ್ತಿನ ಸ್ವಾತಂತ್ರ್ಯ ಹೋರಾಟಗಳನ್ನು ಮಕ್ಕಳಿಗೆ ಹೇಳುವಾಗ ನಾವು ಸಾಮಾನ್ಯವಾಗಿ ವೀರರ ಬಲಿದಾನಕ್ಕೆ ಕಥೆಯನ್ನು ನಿಲ್ಲಿಸಿಬಿಡುತ್ತೇವೆ. ಕಥೆಯ ಉಳಿದರ್ಧವನ್ನೂ ಹೇಳೋಣ. ಖಲೀಫರಾಗಿ ಆಯ್ಕೆಯಾದಾಗ ಅಬೂಬಕರ್ ಸಿದ್ದೀಕ್(ರ) ತಾವು ತಪ್ಪಿದರೆ ತಿದ್ದಬೇಕೆಂದು ಜನರನ್ನು ಕೇಳಿಕೊಂಡಿದ್ದರು. ಆ ಮಾತನ್ನು ಮರೆತ ಆಳ್ವಿಕೆ ಪರಕೀಯರದಾದರೂ ನಮ್ಮವರದಾದರೂ ಜನರಿಗೆ ಹೊರೆಯೇ. ಅದನ್ನು ನೆನಪಿಸುವ ಹೊಣೆ ಪ್ರತಿಯೊಬ್ಬ ನಾಗರಿಕನ ಮೇಲಿದೆ. ಆ ಹೊಣೆಯನ್ನು ಹೊರುವಾಗ ನ್ಯಾಯದ ಮಿತಿಯನ್ನು ಮೀರದಿರುವುದೂ ಅದೇ ಹೊಣೆಯ ಭಾಗ.